ಗಾಳಿಗೆ 48 ಸಾವಿರ ಕೊಟ್ಟೆ, ನೀವು ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಟೂ-ಸ್ಟ್ರೋಕ್ ಇಂಜಿನ್ ಬಿಚ್ಚುತ್ತಲೇ ಬೆಳೆದವನು ನಾನು. ನಮ್ಮಪ್ಪ ಮೈಸೂರು ಯಾದವಗಿರಿಯ ಜಾವಾ ಬೈಕ್ ಕಾರ್ಖಾನೆಯಲ್ಲಿದ್ದರು, 1996ರಲ್ಲಿ ಅದು ಬಾಗಿಲು ಮುಚ್ಚುವವರೆಗೂ. ಯೆಜ್ಡಿಯ ಕಾರ್ಬ್ಯುರೇಟರನ್ನು ಕತ್ತಲಲ್ಲಿ ಕೊಟ್ಟರೂ ಬಿಚ್ಚಿ ಜೋಡಿಸುತ್ತೇನೆ. ಅಂಥವನಿಗೇ, ಇಂಜಿನ್ ಪವರ್ ಏರಿಸುವ ಕಿಟ್ ಅಂತ ಹೇಳಿ ಟೋಪಿ ಹಾಕಿದರು. ಹಾಕಿಸಿಕೊಂಡೆ ಅನ್ನುವುದೇ ಸರಿ.

ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ ಭಾವನ ಕಬ್ಬಿನ ಗದ್ದೆ ಇದೆ. ಅದರ ಪಕ್ಕದ ಶೆಡ್ಡಿನಲ್ಲಿ ಆರು ವರ್ಷದಿಂದ ಇಬ್ಬರು ಕೂರುವ ಸಣ್ಣ ವಿಮಾನ ಕಟ್ಟುತ್ತಿದ್ದೇನೆ. ಇನ್ನೂ ಹಾರಿಲ್ಲ. ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ಕಾಗದಪತ್ರ ಆಗದೆ ಹಾರಿಸುವ ಹಾಗೂ ಇಲ್ಲ. ಇಂಜಿನ್ ಸೆಕೆಂಡ್ ಹ್ಯಾಂಡ್ ರೋಟ್ಯಾಕ್ಸ್ 582. ಎರಡು ಸಿಲಿಂಡರ್, ಎರಡು ಕಾರ್ಬ್ಯುರೇಟರ್, 64 ಹಾರ್ಸ್‌ಪವರ್. ವಾರಕ್ಕೊಮ್ಮೆ ವಿಮಾನದ ಬಾಲವನ್ನು ತೆಂಗಿನ ಮರಕ್ಕೆ ಕಟ್ಟಿ ಇಂಜಿನ್ ಓಡಿಸುತ್ತೇನೆ. ಊರಿನವರಿಗೆ ಅದೊಂದು ತಮಾಷೆ.

ಈ ಕಿಟ್‌ನವರು ಪರಿಚಯದವರ ಮೂಲಕ ಬಂದರು. ಹೆಸರು ಹಾಕುವುದಿಲ್ಲ, ಕೇಳಬೇಡಿ. ಫೈಬರ್‌ನ ಒಂದು ಸ್ಕೂಪ್, ಅದರ ಹಿಂದೆ ಒಂದು ಡಬ್ಬಿ, ಎರಡು ರಬ್ಬರ್ ಪೈಪ್. ಮುಂದಿನಿಂದ ಗಾಳಿ ನುಗ್ಗುತ್ತದೆ, ಒತ್ತಡ ಜಾಸ್ತಿ ಆಗುತ್ತದೆ, ಇಂಜಿನ್‌ಗೆ ಗಾಳಿ ಜಾಸ್ತಿ ಹೋಗುತ್ತದೆ, ಪವರ್ ಶೇ. 18 ಏರುತ್ತದೆ ಎಂದರು. 18! ಹದಿನೈದೂ ಅಲ್ಲ, ಇಪ್ಪತ್ತೂ ಅಲ್ಲ. ಅಳೆದು ನೋಡಿದವರು ಹೇಳುವ ಸಂಖ್ಯೆ ಥರ ಇತ್ತು, ಅದಕ್ಕೇ ನಂಬಿದೆ.

ಅವರು ಮಾತು ಶುರು ಮಾಡಿದ್ದೇ ನಿಜದಿಂದ. "ಸರ್, ಮೈಸೂರು ಸಮುದ್ರಕ್ಕಿಂತ 770 ಮೀಟರ್ ಎತ್ತರ. ಗಾಳಿ ತೆಳು. ನಿಮ್ಮ ಇಂಜಿನ್ ಮಂಗಳೂರಲ್ಲಿ ಕೊಡೋ ಪವರ್ ಇಲ್ಲಿ ಕೊಡಲ್ಲ." ನಿಜವೇ. ಶೆಡ್ ಇರುವ ಕಡೆ ಸುಮಾರು 700 ಮೀಟರ್, ಅಲ್ಲೂ ಶೇ. 8ರಷ್ಟು ಪವರ್ ಹಾಗೇ ಕಮ್ಮಿ. ಬೇಸಿಗೆಯಲ್ಲಿ ಇನ್ನೂ ಕಮ್ಮಿ. ಇಂಜಿನ್ ಕವಚದೊಳಗಿನ ಬಿಸಿ ಗಾಳಿ ಎಳೆದುಕೊಂಡರೆ ಪವರ್ ಬೀಳುತ್ತದೆ, ಹೊರಗಿನ ತಣ್ಣನೆ ಗಾಳಿ ಕೊಡಿ ಎಂದರು. ಅದೂ ನಿಜ, ಐದಾರು ಡಿಗ್ರಿ ಬಿಸಿಗೆ ಶೇ. 1ರಷ್ಟು ಹೋಗುತ್ತದೆ. ಎರಡು ನಿಜ ಕೇಳಿದ ಮೇಲೆ ಮೂರನೆಯದಕ್ಕೂ ತಲೆ ಆಡಿಸಿದೆ.

30 ಸಾವಿರ ಅಡ್ವಾನ್ಸ್, ಫಿಟ್ ಮಾಡಿದ ಮೇಲೆ 18 ಸಾವಿರ. ಅಪ್ರೂವಲ್ ಕಾಗದ ಇದೆಯಾ ಎಂದು ಕೇಳಿದ್ದೆ. "ಇದೆ ಸರ್, ಕಳಿಸ್ತೀನಿ" ಎಂದರು. ವಾಟ್ಸಾಪ್‌ನಲ್ಲಿ ಬಂದದ್ದು ಅವರ ಜಿಎಸ್‌ಟಿ ಸರ್ಟಿಫಿಕೇಟ್. ಅಲ್ಲೇ ಎಚ್ಚರ ಆಗಬೇಕಿತ್ತು. ನಕ್ಕು ಸುಮ್ನಾದೆ.

ಒಂದು ಶನಿವಾರ ಇಬ್ಬರು ಬಂದರು. ಮೊದಲು ಹಾಗೇ ಓಡಿಸಿದೆವು. ಫುಲ್ ಥ್ರಾಟಲ್‌ನಲ್ಲಿ 5,900 ಆರ್‌ಪಿಎಂ. ಆಮೇಲೆ ಕಿಟ್ ಹಾಕಿದರು. ಜೊತೆಗಿದ್ದ ಹುಡುಗ "ಸರ್, ಪ್ರೊಪೆಲ್ಲರ್ ಬೋಲ್ಟ್ ಟೈಟ್ ಇದೆಯಾ ಒಂದ್ಸಲ ನೋಡ್ಕೋತೀನಿ, ಸೇಫ್ಟಿಗೆ" ಎಂದ. ನೋಡಪ್ಪಾ ಎಂದೆ. ಬಿಸಿಲಲ್ಲಿ ದುಡಿಯುತ್ತಿದ್ದಾರೆ ಪಾಪ ಅಂತ ನಾನೇ ಎಳನೀರು ತರಲು ಗದ್ದೆ ಆಚೆ ಹೋದೆ. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಅವರಿಗೆ ಎಳನೀರು ಕೆತ್ತಿಸಿಕೊಂಡು ತಂದವನು ನಾನು!

ವಾಪಸ್ ಬಂದು ಓಡಿಸಿದರೆ 6,400. ಕಣ್ಣಾರೆ ಕಂಡೆ. ಸೌಂಡೇ ಬೇರೆ. ಉಳಿದ 18 ಸಾವಿರವನ್ನು ಅಲ್ಲೇ ಫೋನ್‌ಪೇ ಮಾಡಿದೆ. ಕೈ ಕುಲುಕಿ ಕಾರು ಹತ್ತಿದರು.

ಸಂಜೆ ಪ್ರೊಪೆಲ್ಲರ್ ಒರೆಸುತ್ತಿದ್ದೆ. ನನ್ನದು ನೆಲದ ಮೇಲೆ ನಿಂತಾಗ ಪಿಚ್, ಅಂದರೆ ರೆಕ್ಕೆಯ ಓರೆ, ಬದಲಿಸುವಂಥ ಮೂರು ರೆಕ್ಕೆಯ ಪ್ರೊಪೆಲ್ಲರ್. ಪ್ರತಿ ರೆಕ್ಕೆಯ ಬುಡದಲ್ಲಿ, ಅದು ನಡುವಿನ ಹಬ್ ಸೇರುವ ಕಡೆ, ಹೆಂಡತಿಯ ಕೆಂಪು ನೇಲ್ ಪಾಲಿಶ್‌ನಿಂದ ಒಂದೊಂದು ಗೆರೆ ಎಳೆದಿದ್ದೆ. ಅರ್ಧ ಗೆರೆ ರೆಕ್ಕೆ ಮೇಲೆ, ಅರ್ಧ ಹಬ್ ಮೇಲೆ. ಈಗ ಅವು ಒಂದಕ್ಕೊಂದು ಕೂಡುತ್ತಿರಲಿಲ್ಲ. ಒಂದು ಅಕ್ಕಿ ಕಾಳಿನಷ್ಟು ಸರಿದಿತ್ತು. ಮೂರಕ್ಕೆ ಮೂರೂ, ಒಂದೇ ಕಡೆಗೆ.

ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟೆ. ಬೋಲ್ಟ್ ಟೈಟ್ ಮಾಡಿದರೆ ರೆಕ್ಕೆ ತಿರುಗಲ್ಲ. ಪಿಚ್ ಕಮ್ಮಿ ಮಾಡಿದ್ದಾರೆ. ಪಿಚ್ ಕಮ್ಮಿಯಾದರೆ ರೆಕ್ಕೆ ಗಾಳಿಯನ್ನು ಕಮ್ಮಿ ಕಚ್ಚುತ್ತದೆ, ಇಂಜಿನ್‌ಗೆ ಹೊರೆ ಕಮ್ಮಿ, ಆರ್‌ಪಿಎಂ ತಾನಾಗೇ ಏರುತ್ತದೆ. ಗೇರ್ ಇಳಿಸಿ ಸೈಕಲ್ ತುಳಿದ ಹಾಗೆ, ಅಷ್ಟೇ. ಇದು ನನಗೆ ಗೊತ್ತಿಲ್ಲದ ವಿಷಯವಾ? ಗೊತ್ತು. ಗೊತ್ತಿದ್ದೂ!

ಫೋನ್ ಮಾಡಿದೆ. "ವೈಬ್ರೇಶನ್‌ಗೆ ಸರಿದಿರಬೇಕು ಸರ್." ಮೂರೂ ಒಂದೇ ಅಳತೆಗೆ ಸರಿಯುತ್ತವಾ? "ಅದು ಒಳ್ಳೇದಲ್ವಾ ಸರ್, ಬ್ಯಾಲೆನ್ಸ್ ಇದೆ ಅಂತ ಅರ್ಥ."

ಬ್ಯಾಲೆನ್ಸ್ ಅಂತೆ.

ಭಾನುವಾರ ಅಕ್ಕನ ಮಗಳು ಬಂದಿದ್ದಳು, ಇಂಜಿನಿಯರಿಂಗ್ ಮೂರನೇ ವರ್ಷ. ಕ್ಯಾಲೆಂಡರ್ ಹಾಳೆಯ ಹಿಂದೆ ನಾಲ್ಕು ಸಾಲು ಬರೆದಳು. ನನ್ನ ವಿಮಾನ ಹಾರಿದರೂ ಗಂಟೆಗೆ 110 ಕಿಲೋಮೀಟರ್. ಆ ವೇಗದಲ್ಲಿ ನುಗ್ಗುವ ಗಾಳಿಯನ್ನು ಒಂದು ಚೂರೂ ಸೋರದ ಹಾಗೆ ಹಿಡಿದರೂ ಸಿಗುವ ಒತ್ತಡ ಸುಮಾರು 500 ಪಾಸ್ಕಲ್. ಸುತ್ತಲಿನ ಗಾಳಿಯ ಒತ್ತಡವೇ 93,000. ಅಂದರೆ ಅರ್ಧ ಪರ್ಸೆಂಟು. 64 ಹಾರ್ಸ್‌ಪವರ್‌ನಲ್ಲಿ ಅದು ಮೂರನೇ ಒಂದು ಹಾರ್ಸ್‌ಪವರ್. ವೇಗ ಎರಡರಷ್ಟಾದರೆ ಈ ಒತ್ತಡ ನಾಲ್ಕರಷ್ಟಾಗುತ್ತದೆ, ಹಾಗಾಗಿ ಜೋರಾಗಿ ಹಾರುವ ವಿಮಾನಗಳಿಗೆ ಇದರಿಂದ ಏನೋ ಒಂದಿಷ್ಟು ಸಿಗುತ್ತದೆ. ನಮ್ಮಂಥವಕ್ಕೆ ಏನೂ ಇಲ್ಲ.

ಇನ್ನೊಂದು ಸಾಲು ಬರೆದಳು. ಪಿಚ್ ಬದಲಾಗದೆ ಅದೇ ಪ್ರೊಪೆಲ್ಲರ್ 5,900ರಿಂದ 6,400ಕ್ಕೆ ಏರಬೇಕಾದರೆ ಪವರ್ ಶೇ. 27 ಜಾಸ್ತಿ ಬೇಕಂತೆ. "18 ಅಂದು 27 ಕೊಡೋ ವ್ಯಾಪಾರಿ ಎಲ್ಲಿದ್ದಾನೆ ಮಾವ?" ಎಂದಳು. ಭಾವ ಪಕ್ಕದಲ್ಲೇ ನಗುತ್ತಿದ್ದರು.

ಸರಿ, ಪಿಚ್ ಮತ್ತೆ ಗೆರೆಗೆ ತಂದೆ. ಕಿಟ್ ಹಾಗೇ ಇಟ್ಟು ಓಡಿಸಿದೆ. 5,860. ಮೊದಲಿಗಿಂತ 40 ಕಮ್ಮಿ! ನಾನು ಆರ್‌ಪಿಎಂ ಮುಳ್ಳನ್ನೇ ನೋಡುತ್ತಿದ್ದೆ. ಹೊಗೆಯ ಬಿಸಿ ತೋರಿಸುವ ಮೀಟರ್ ಕಡೆ ನೋಡಲಿಲ್ಲ. ಅದು 650 ಡಿಗ್ರಿ ದಾಟಬಾರದು. ನೋಡುವಷ್ಟರಲ್ಲಿ ಹಿಂದಿನ ಸಿಲಿಂಡರ್ 680ರಲ್ಲಿತ್ತು. ಸೌಂಡ್ ತೆಳ್ಳಗಾಯಿತು, ಕುಯ್ ಅಂತು, ನಿಂತಿತು. ಸೀಜ್, ಪಿಸ್ಟನ್ ಸಿಲಿಂಡರ್ ಒಳಗೆ ಕಚ್ಚಿಕೊಂಡಿತ್ತು. ಯೆಜ್ಡಿ ಓಡಿಸಿದವರಿಗೆ ಆ ಸದ್ದು ಬಿಡಿಸಿ ಹೇಳಬೇಕಿಲ್ಲ.

ಕಾರಣ ಬಿಚ್ಚಿದ ಮೇಲೆ ಗೊತ್ತಾಯಿತು. ಕಾರ್ಬ್ಯುರೇಟರ್‌ನ ಬಟ್ಟಲಲ್ಲಿರುವ ಪೆಟ್ರೋಲನ್ನು ಮೇಲಕ್ಕೆ ತಳ್ಳುವುದು ಬಟ್ಟಲ ಮೇಲಿನ ಗಾಳಿ. ಪ್ರೊಪೆಲ್ಲರ್ ಗಾಳಿ ಸ್ಕೂಪ್‌ಗೆ ಬಡಿದು ಕಾರ್ಬ್ಯುರೇಟರ್ ಬಾಯಿಯ ಕಡೆ ಒತ್ತಡ ಚೂರು ಏರಿದೆ, ಬಟ್ಟಲ ಗಾಳಿ ಪೈಪನ್ನು ಮಾತ್ರ ಹೊರಗೇ ಬಿಟ್ಟಿದ್ದಾರೆ. ಪೆಟ್ರೋಲ್ ಬರುವುದು ಕಮ್ಮಿಯಾಯಿತು, ಮಿಕ್ಸ್ಚರ್ ತೆಳುವಾಯಿತು, ಬಿಸಿ ಏರಿತು. ಟೂ-ಸ್ಟ್ರೋಕ್‌ನಲ್ಲಿ ನನ್ನದರಂಥದಕ್ಕೆ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಅದೂ ಕಮ್ಮಿ. ಆ ಪೈಪನ್ನು ಡಬ್ಬಿಯೊಳಗೆ ಸೇರಿಸಬೇಕಿತ್ತು, ಪೆಟ್ರೋಲ್ ಅಳೆದು ಬಿಡುವ ಜೆಟ್ (ಸಣ್ಣ ತೂತಿನ ಬಿಡಿಭಾಗ) ನೋಡಬೇಕಿತ್ತು. ಪವರೂ ಬರಲಿಲ್ಲ, ಇದ್ದ ಪಿಸ್ಟನ್ನೂ ಹೋಯಿತು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದಿದೆ.

ಫೋಟೋ ಕಳಿಸಿದೆ. ಎರಡು ನೀಲಿ ಟಿಕ್ ಬಂತು. ಎರಡು ದಿನ ಬಿಟ್ಟು ಉತ್ತರ: "ಫಿಟ್ಟಿಂಗ್ ಸರಿ ಇಲ್ಲ ಸರ್." ಫಿಟ್ ಮಾಡಿದ್ದು ನಿಮ್ಮ ಹುಡುಗನೇ ಅಲ್ವಾ? "ಅವನು ಈಗ ನಮ್ಮಲ್ಲಿ ಇಲ್ಲ." ಕಿಟ್ ಇದ್ದೂ ಆರ್‌ಪಿಎಂ ಏರಲಿಲ್ಲವಲ್ಲ? "ಅದು ಹಾರುವಾಗ ಮಾತ್ರ ಕೆಲಸ ಮಾಡುತ್ತೆ ಸರ್, ನೆಲದ ಮೇಲೆ ಅಲ್ಲ." ಹಾಗಾದರೆ ಶನಿವಾರ ನೆಲದ ಮೇಲೆ 6,400 ತೋರಿಸಿದ್ದು ಹೇಗೆ? ಅದಕ್ಕೆ ಬಂದದ್ದು ಕೈ ಮುಗಿದ ಒಂದು ಎಮೋಜಿ. ದುಡ್ಡು ವಾಪಸ್ ಕೊಡಿ ಎಂದೆ. "ಓಪನ್ ಮಾಡಿದ ಐಟಂ ರಿಟರ್ನ್ ಇಲ್ಲ." ಮಾರನೇ ದಿನದಿಂದ ಅವರ ಡಿಪಿ ನನಗೆ ಕಾಣಿಸುತ್ತಿಲ್ಲ.

ಮೈಸೂರು, ಮಂಡ್ಯ ಕಡೆ ಇಂಥ ಹುಚ್ಚು ಹಚ್ಚಿಕೊಂಡವರು ಇದ್ದೀರಿ, ಗೊತ್ತು. ಯಾರಾದರೂ ಸ್ಕೂಪ್ ಹಿಡಿದುಕೊಂಡು ಬಂದರೆ ಮೊದಲು ಪ್ರೊಪೆಲ್ಲರ್ ಬುಡಕ್ಕೆ ಗುರುತು ಹಾಕಿ, ಯಾರಿಗೂ ಹೇಳಬೇಡಿ. ಬಟ್ಟಲ ಪೈಪ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಟೆಸ್ಟ್ ಮುಗಿಯುವವರೆಗೆ ಇಂಜಿನ್ ಬಿಟ್ಟು ಕದಲಬೇಡಿ, ಎಳನೀರಿಗಂತೂ ಹೋಗಲೇಬೇಡಿ.

ಯಾರ ಹತ್ತಿರವಾದರೂ 582ರ ಸ್ಟ್ಯಾಂಡರ್ಡ್ ಸೈಜ್ ಪಿಸ್ಟನ್ ಇದ್ದರೆ ದಯವಿಟ್ಟು ತಿಳಿಸಿ. ರಿಂಗ್ ಸೆಟ್ ನನ್ನ ಹತ್ತಿರ ಇದೆ.