ಕಡಲ ಎದುರಿನ ಮನೆ ಕೊಳ್ಳುವ ಮುಂಚೆ ಮರಳಿನ ಬಗ್ಗೆ ವಿಚಾರಿಸಿ

ಬಾಗಿಲು ತೆಗೆದರೆ ಕಡಲು, ಮೆಟ್ಟಿಲಿಳಿದರೆ ಬೀಚು, ಪಕ್ಕದಲ್ಲೇ ವಿಹಾರ ದೋಣಿಗಳ ಮರೀನಾ, ಸಂಜೆ ಅಡ್ಡಾಡಲು ದಂಡೆಯುದ್ದಕ್ಕೂ ಕಾಲುದಾರಿ. ಇಂಥ ಜಾಹೀರಾತು ನೋಡಿ ಮುಂಗಡ ಕೊಡಲು ಹೊರಟಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ ಆಮೇಲೆ ಹೋಗಿ. ನಾವು ಇಂಥದ್ದೇ ಮನೆ ಕೊಂಡೆವು. ಪಟ್ಟ ಪಾಡು ಇನ್ನೊಂದು ಕುಟುಂಬಕ್ಕೆ ಬೇಡ ಅಂತ ಬರೆಯುತ್ತಿದ್ದೇನೆ. ಬಿಲ್ಡರ್ ಹೆಸರು ಹಾಕುವುದಿಲ್ಲ. ನಾನು ಹೇಳುವ ವಿಷಯ ಯಾವ ಕಡಲೂರಿಗಾದರೂ ಅನ್ವಯಿಸುತ್ತದೆ.

ಮನೆ ತೋರಿಸಿದ್ದು ಕಡಲು ಶಾಂತವಾಗಿದ್ದ ತಿಂಗಳುಗಳಲ್ಲಿ. ಮೆಟ್ಟಿಲ ಕೆಳಗೆ ಅಗಲವಾದ ಮರಳು, ಅದರಾಚೆ ನೀರು. ಮಕ್ಕಳು ಓಡಿ ಸುಸ್ತಾಗುವಷ್ಟು ಜಾಗ. ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕು ಅಂತ ಪ್ರತಿ ಸಲ ಅವರೇ ಹೇಳುತ್ತಿದ್ದರು. ಎಷ್ಟೋ ದಿನದ ಮೇಲೆ ಉಬ್ಬರ ಇಳಿತದ ಪಟ್ಟಿ ತೆಗೆದು ಆ ದಿನಾಂಕಗಳನ್ನು ನೋಡಿದೆವು. ನಮ್ಮನ್ನು ಕರೆಸಿದ್ದೆಲ್ಲ ನೀರು ಪೂರ್ತಿ ಇಳಿದಿದ್ದ ಹೊತ್ತಿಗೆ! ಬೇಕೆಂದೇ ಮಾಡಿದ್ದು ಅಂತ ಸಾಬೀತು ಮಾಡೋಕೆ ನಮ್ಮ ಹತ್ತಿರ ಏನೂ ಇಲ್ಲ. ಆದರೆ ನೀವು ಹೋಗುವ ಹೊತ್ತನ್ನು ನೀವೇ ನಿರ್ಧರಿಸಿ. ಅಮಾವಾಸ್ಯೆಗೋ ಹುಣ್ಣಿಮೆಗೋ ಹತ್ತಿರದ ದಿನ, ಉಬ್ಬರ ತುದಿ ಮುಟ್ಟಿದಾಗ ಹೋಗಿ. ಆ ದಿನಗಳಲ್ಲಿ ಸೂರ್ಯ, ಚಂದ್ರ ಎರಡರ ಸೆಳೆತವೂ ಒಂದೇ ಸಾಲಿಗೆ ಬಂದು ನೀರು ಅತಿ ಮೇಲಕ್ಕೆ ಏರುತ್ತದೆ. ಆಮೇಲೆ ಗಾಳಿಮಳೆ ಕಾಲದಲ್ಲಿ ಇನ್ನೊಮ್ಮೆ ಹೋಗಿ.

ಈಗ ಮರಳಿನ ವಿಷಯ. ಬೀಚಿನ ಮರಳು ಒಂದೇ ಕಡೆ ನಿಂತಿರುವುದಿಲ್ಲ. ಅಲೆಗಳು ದಂಡೆಗೆ ಓರೆಯಾಗಿ ಬಂದು ಬಡಿಯುತ್ತವೆ, ಹೊಡೆತ ಹೊಡೆತಕ್ಕೂ ಮರಳನ್ನು ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಒಯ್ಯುತ್ತವೆ. ಹೀಗೆ ದಂಡೆಯುದ್ದಕ್ಕೂ ಮರಳು ಸಾಗುತ್ತಲೇ ಇರುತ್ತದೆ. ನಿಮ್ಮ ಮನೆ ಮುಂದಿನ ಮರಳು ಇಂದು ಹೋದರೆ, ಮೇಲಿನ ಕಡೆಯಿಂದ ಬೇರೆ ಬಂದು ತುಂಬುತ್ತದೆ. ಬರುವ ದಾರಿಗೆ ಅಡ್ಡ ಏನಾದರೂ ಕಟ್ಟಿದರೆ? ಆ ಅಡ್ಡಗಟ್ಟೆಯ ಒಂದು ಬದಿಗೆ ಮರಳು ರಾಶಿ ಬೀಳುತ್ತದೆ. ಇನ್ನೊಂದು ಬದಿಗೆ ಬರುವುದು ನಿಲ್ಲುತ್ತದೆ, ಹೋಗುವುದು ನಿಲ್ಲುವುದಿಲ್ಲ.

ನಮ್ಮಲ್ಲಿ ಆದದ್ದು ಇದೇ. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿದ್ದ ಆ ಮರೀನಾಕ್ಕೆ ಅಲೆ ಬಡಿಯದಿರಲಿ ಅಂತ ಕಡಲೊಳಗೆ ಕಲ್ಲಿನ ಅಲೆತಡೆ ಕಟ್ಟಿದ್ದರು. ಅದರ ಆಚೆ ಬದಿಯಲ್ಲಿ ಈಗ ಮೈದಾನದಷ್ಟು ಮರಳಿದೆ. ನಾವು ಈಚೆ ಬದಿಯವರು. ಗಾಳಿಮಳೆ ಕಾಲದಲ್ಲಿ ದೊಡ್ಡ ಅಲೆಗಳು ಮರಳನ್ನು ಒಳಕ್ಕೆ ಎಳೆದುಕೊಂಡು ಹೋಗುವುದು, ಕಡಲು ಶಾಂತವಾದ ಮೇಲೆ ಅದು ನಿಧಾನಕ್ಕೆ ವಾಪಸ್ ಬರುವುದು ಎಲ್ಲ ಬೀಚಿನಲ್ಲೂ ಇದ್ದದ್ದೇ. ನಮ್ಮ ಕಡೆ ಮಾತ್ರ ಪ್ರತಿ ವರ್ಷ ವಾಪಸ್ ಬಂದದ್ದು ಕಡಿಮೆಯಾಗುತ್ತಾ ಹೋಯಿತು. ಬೀಚಿಗೆ ಇಳಿಯುವ ಮೆಟ್ಟಿಲ ಕೊನೆಯ ಹಂತದ ಕೆಳಗೆ ಮೊದಲು ಒಂದು ಗೇಣು ಸಂದು ಬಿತ್ತು. ಮುಂದಿನ ಬಿರುಗಾಳಿಗೆ ಆಳೆತ್ತರ ಖಾಲಿ. ಮೆಟ್ಟಿಲ ಅಡಿಪಾಯದ ಕಲ್ಲು ಬತ್ತಲೆಯಾಗಿ, ಅದರೊಳಗೆ ಹುಗಿದಿದ್ದ ನೀರಿನ ಪೈಪು ಗಾಳಿಯಲ್ಲಿ ಜೋತುಬಿದ್ದಿತ್ತು. ಆ ಮೆಟ್ಟಿಲಿಗೆ ಈಗ ಬೀಗ ಹಾಕಿದೆ. ನಮ್ಮ ಬ್ರೋಷರ್‌ನಲ್ಲಿದ್ದ ‘ಖಾಸಗಿ ಬೀಚು’ ಉಬ್ಬರದ ಹೊತ್ತಿಗೆ ಇಲ್ಲವೇ ಇಲ್ಲ.

ದೂರು ಕೊಟ್ಟಾಗ ಬಿಲ್ಡರ್ ಕಡೆಯವರು ಬಂಡೆಕಲ್ಲು ತಂದು ಸುರಿದು ತಡೆಗೋಡೆ ಮಾಡಿದರು. ಗೋಡೆ ಹಿಂದಿರುವ ಕಟ್ಟಡಕ್ಕೆ ಅದರಿಂದ ಸ್ವಲ್ಪ ಕಾಲ ರಕ್ಷಣೆ ಸಿಗುತ್ತದೆ, ನಿಜ. ಆದರೆ ಇಳಿಜಾರು ಮರಳಿನ ಮೇಲೆ ಹರಡಿ ಸೋಲುತ್ತಿದ್ದ ಅಲೆ ಈಗ ಗೋಡೆಗೆ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ಬುಡದಲ್ಲಿ ಉಳಿದಿದ್ದ ಮರಳನ್ನೂ ಕೆದಕಿ ಒಯ್ಯುತ್ತದೆ. ಗೋಡೆ ಮುಗಿಯುವ ಜಾಗದಲ್ಲಿ ಪಕ್ಕದವರ ದಂಡೆ ಮೊದಲಿಗಿಂತ ಜೋರಾಗಿ ಕೊರೆಯುತ್ತಿದೆ. ಅವರು ಈಗ ನಮ್ಮ ಮೇಲೆ ಸಿಟ್ಟಾಗಿದ್ದಾರೆ. ಅವರ ಸಿಟ್ಟು ತಪ್ಪು ಅಂತ ನನಗೆ ಅನಿಸುವುದಿಲ್ಲ.

ಇದು ಹೊಸ ಸಂಗತಿಯೂ ಅಲ್ಲ. ಇಂಗ್ಲೆಂಡಿನ ಡೆವನ್‌ನಲ್ಲಿ ಹಾಲ್‌ಸ್ಯಾಂಡ್ಸ್ ಅಂತ ಒಂದು ಮೀನುಗಾರರ ಊರಿತ್ತು. ಪ್ಲಿಮತ್‌ನ ನೌಕಾ ಕಟ್ಟೆ ದೊಡ್ಡದು ಮಾಡಲು 1897ರಿಂದ ಆ ಊರಿನ ಮುಂದಿನ ಕಡಲಿನಿಂದ ಉರುಟುಗಲ್ಲು ತೆಗೆದರು. ದಂಡೆ ಕುಸಿಯುತ್ತಿದೆ ಅಂತ ಜನ ಗಲಾಟೆ ಮಾಡಿದ ಮೇಲೆ 1902ರಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಕಾಲ ಮೀರಿತ್ತು. ಜನವರಿ 1917ರ ಒಂದು ಬಿರುಗಾಳಿಗೆ ಊರಿಗೆ ಊರೇ ಹೋಯಿತು. ಯಾರೂ ಸಾಯಲಿಲ್ಲ, ಅದೊಂದು ಪುಣ್ಯ. ದಂಡೆಗೆ ತುಂಬುವುದನ್ನು ಕಿತ್ತುಕೊಂಡರೆ ಕಡಲು ಮನೆಯವರೆಗೂ ಬರುತ್ತದೆ ಅನ್ನೋದು ನೂರು ವರ್ಷದಿಂದ ಗೊತ್ತಿರುವ ಮಾತು. ನಮಗೆ ಮನೆ ಮಾರಿದವರಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಮನೆಗಿಂತ ದೊಡ್ಡ ಭಯ ಕೊಟ್ಟದ್ದು ಇನ್ನೊಂದು. ರಜೆಗೆ ಬಂದಿದ್ದ ನನ್ನ ತಂಗಿಯ ಮಗ ಆ ಅಲೆತಡೆಯ ಪಕ್ಕದಲ್ಲಿ ನೀರಿಗಿಳಿದ. ಬೇರೆ ಕಡೆಯೆಲ್ಲ ಬಿಳಿ ನೊರೆ ಎದ್ದು ಅಲೆ ಒಡೆಯುತ್ತಿತ್ತು. ಅಲ್ಲಿ ಮಾತ್ರ ಒಂದು ಪಟ್ಟಿಯಷ್ಟು ನೀರು ಸುಮ್ನೆ, ಸಪಾಟಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತಿತ್ತು. ಯಾರಾದರೂ ಆ ಜಾಗವನ್ನೇ ಆರಿಸುತ್ತಾರೆ, ಅಲ್ವಾ? ಅದೇ ಸೆಳವು. ದಂಡೆಗೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು. ಕಲ್ಲಿನ ಕಟ್ಟೆ, ಜೆಟ್ಟಿಗಳ ಪಕ್ಕದಲ್ಲಿ ಇಂಥ ಸೆಳವು ಮತ್ತೆ ಮತ್ತೆ ಅದೇ ಜಾಗದಲ್ಲಿ ಏಳುತ್ತದೆ. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಎಂಥ ಈಜುಗಾರನೂ ಅದಕ್ಕೆದುರಾಗಿ ಈಜಿ ದಡ ಸೇರುವುದು ಕಷ್ಟ. ಹುಡುಗ ದಡದ ಕಡೆಗೇ ಕೈ ಬಡಿಯುತ್ತಿದ್ದ, ದೂರ ಹೋಗುತ್ತಲೇ ಇದ್ದ. ಅಲೆಹಲಗೆ ಹಿಡಿದಿದ್ದ ಒಬ್ಬ ಪುಣ್ಯಾತ್ಮ ಹೋಗಿ ಎಳೆದುಕೊಂಡು ಬಂದ. ಜಾಹೀರಾತಿನಲ್ಲಿದ್ದ ಜೀವರಕ್ಷಕ ಆ ದಿನ ಇರಲಿಲ್ಲ. ಎಚ್ಚರಿಕೆಯ ಫಲಕವೂ ಇರಲಿಲ್ಲ.

ಸೆಳವಿಗೆ ಸಿಕ್ಕರೆ ದಡದ ಕಡೆ ಈಜಬೇಡಿ. ತೇಲಿಕೊಂಡಿರಿ, ಕೈ ಎತ್ತಿ ಕರೆಯಿರಿ. ಶಕ್ತಿ ಇದ್ದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಆ ಪಟ್ಟಿಯಿಂದ ಹೊರಬಂದ ಮೇಲೆ ಅಲೆ ಒಡೆಯುವ ಕಡೆಯಿಂದ ದಡಕ್ಕೆ ಬನ್ನಿ. ಒಂದು ಪಕ್ಕಕ್ಕೆ ಕಟ್ಟೆ ಇದ್ದರೆ ಅದರಿಂದ ದೂರದ ಪಕ್ಕಕ್ಕೇ ಹೋಗಿ. ಮಕ್ಕಳಿಗೆ ಇದನ್ನು ನೀರಿಗಿಳಿಯುವ ಮೊದಲೇ ಹೇಳಿಕೊಡಿ.

ಪಾರ್ಕಿಂಗ್ ಬಗ್ಗೆಯೂ ಹೇಳಬೇಕು. ಒಂದು ಹುಣ್ಣಿಮೆ, ಆಕಾಶದಲ್ಲಿ ಒಂದು ಮೋಡ ಇಲ್ಲ. ಬೆಳಿಗ್ಗೆ ನೋಡಿದರೆ ನೆಲಮಾಳಿಗೆಯಲ್ಲಿ ಕಾರಿನ ಚಕ್ರ ಮುಳುಗುವಷ್ಟು ನೀರು. ಮಳೆನೀರು ಕಡಲಿಗೆ ಹೋಗಲಿ ಅಂತ ಹಾಕಿದ ಚರಂಡಿಯಿಂದಲೇ ಕಡಲು ಒಳಗೆ ಬಂದಿತ್ತು. ಚರಂಡಿಯ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದ್ದರೆ, ನೀರು ಹಿಂದೆ ಬರದಂತೆ ತಡೆಯುವ ಕವಾಟ ಇಲ್ಲದಿದ್ದರೆ ಹೀಗೆಯೇ ಆಗುತ್ತದೆ. ಬಿರುಗಾಳಿ ಸೇರಿದರಂತೂ ಕೇಳಬೇಡಿ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ಕಡಲ ಮಟ್ಟ ಸುಮಾರು 1 ಸೆಂಟಿಮೀಟರ್ ಏರುತ್ತದೆ. ಗಾಳಿ ನೀರನ್ನು ದಂಡೆಗೆ ತಳ್ಳುವುದು ಅದರ ಮೇಲೆ ಬೇರೆ.

ಇನ್ನು ಉಪ್ಪುಗಾಳಿ. ಬಾಲ್ಕನಿಯ ಕಂಬಿ ಸ್ಟೇನ್‌ಲೆಸ್ ಸ್ಟೀಲ್ ಅಂದಿದ್ದರು. ಬೇಗನೇ ಕಂದು ಗೆರೆಗಳು ಮೂಡಿದವು. ಹಾಕಿದ್ದು 304 ದರ್ಜೆಯದು. ಕಡಲ ಹತ್ತಿರ ಬೇಕಾದದ್ದು ಮಾಲಿಬ್ಡಿನಂ ಸೇರಿದ 316. ಎಸಿಯ ಹೊರಗಿನ ಯಂತ್ರದ ತೆಳು ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಇದೆಲ್ಲ ಬದಲಾಯಿಸಬಹುದು. ಕಾಂಕ್ರೀಟಿನೊಳಗಿನ ಸರಳಿಗೆ ಉಪ್ಪು ತಲುಪಿದರೆ ಅಷ್ಟು ಸುಲಭ ಅಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಹಿಡಿಯುತ್ತದೆ, ಒಳಗಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ನಮ್ಮ ಪಾರ್ಕಿಂಗ್ ಛಾವಣಿಯಿಂದ ಅಂಗೈಯಗಲದ ಚಕ್ಕೆ ಬಿದ್ದಾಗ ಹಿಂದಿನ ಸರಳು ಪದರ ಪದರವಾಗಿ ಎದ್ದಿತ್ತು. ಮೇಂಟೆನೆನ್ಸ್‌ನವರು ಸಿಮೆಂಟ್ ಮೆತ್ತಿ ಬಣ್ಣ ಬಳಿದು ಹೋದರು. ಅಮೆರಿಕದ ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ ಕಡಲ ದಂಡೆಯ 12 ಮಹಡಿಯ ಕಟ್ಟಡ 24 ಜೂನ್ 2021ರ ನಡುರಾತ್ರಿ ಕುಸಿದು 98 ಜನ ಸತ್ತರು. ಈಜುಕೊಳದ ಅಂಗಳದ ಕೆಳಗೆ ನೀರು ಸೋರಿ ಕಾಂಕ್ರೀಟಿಗೆ ಗಂಭೀರ ಹಾನಿಯಾಗಿದೆ ಅಂತ ಎಂಜಿನಿಯರೊಬ್ಬರು 2018ರಲ್ಲೇ ವರದಿ ಕೊಟ್ಟಿದ್ದರು. ಹಾಗಾಗಿ ಚಕ್ಕೆ ಬಿದ್ದರೆ ಬಣ್ಣ ಬಳಿಯಲು ಬಿಡಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು ಅಂತ ಪಟ್ಟು ಹಿಡಿಯಿರಿ.

ಗದ್ದಲದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನೀರಿನ ಸ್ಕೂಟರ್, ದೋಣಿಯ ಪಾರ್ಟಿ, ಮರೀನಾದ ಹೋಟೆಲಿನ ಸಂಗೀತ. ರಾತ್ರಿ ನೀರಿನ ಮೇಲಿನ ತಂಪು ಗಾಳಿ ಸದ್ದನ್ನು ಕೆಳಕ್ಕೆ ಬಾಗಿಸುವುದರಿಂದ ದೂರದ್ದೂ ಕಿವಿಯ ಪಕ್ಕದಲ್ಲೇ ಇದ್ದಂತೆ ಕೇಳುತ್ತದೆ. ಕೊಳ್ಳುವ ಮುಂಚೆ ಒಂದು ಶನಿವಾರ ರಾತ್ರಿ ಅಲ್ಲೇ ಹತ್ತಿರ ಉಳಿದು ನೋಡಿ.

ಮನೆ ನೋಡಲು ಹೋಗುವ ಮೊದಲು ಗೂಗಲ್ ಅರ್ಥ್ ತೆರೆದು ಆ ಜಾಗದ ಹಳೆಯ ವರ್ಷಗಳ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ನೋಡಿ. ಇದಕ್ಕೆ ದುಡ್ಡು ಬೇಕಿಲ್ಲ. ದಂಡೆ ಎಷ್ಟು ಹಿಂದೆ ಸರಿದಿದೆ, ಅಲೆತಡೆ ಯಾವಾಗ ಬಂತು, ಮರಳು ಯಾವ ಬದಿಗೆ ಸೇರಿದೆ ಅಂತ ಕಣ್ಣಿಗೇ ಕಾಣುತ್ತದೆ. ನಮ್ಮದರಲ್ಲೂ ಎಲ್ಲ ಸ್ಪಷ್ಟವಾಗಿತ್ತು. ಅಲ್ಲಿನ ಮೀನುಗಾರರನ್ನು ಮಾತಾಡಿಸಿ. ಮನೆ ಮಾರುವವರು ಹೇಳದೆ ಬಿಟ್ಟದ್ದನ್ನೆಲ್ಲ ನಮಗೆ ಹೇಳಿದ್ದು ಅವರೇ.

ಕಾಗದಪತ್ರದಲ್ಲಿ ಮೂರು ವಿಷಯ ಹುಡುಕಿ. ತಡೆಗೋಡೆ ಯಾರ ಜಾಗದಲ್ಲಿದೆ, ಅದರ ರಿಪೇರಿ ಯಾರ ತಲೆಗೆ, ದಂಡೆ ಹಿಂದೆ ಸರಿದರೆ ನಿಮ್ಮ ಗಡಿ ಎಲ್ಲಿಗೆ ಬರುತ್ತದೆ. ಮರೀನಾ, ಬೀಚು, ಕಾಲುದಾರಿ ಬಳಸುವ ಹಕ್ಕು ಕ್ರಯಪತ್ರದಲ್ಲೇ ಇದೆಯೋ, ಬರೀ ಬ್ರೋಷರ್‌ನಲ್ಲಿದೆಯೋ ನೋಡಿ. ನಮ್ಮದು ಬ್ರೋಷರ್‌ನಲ್ಲಿ ಮಾತ್ರ ಇತ್ತು. ವಿಮೆಯಲ್ಲಿ ಬಿರುಗಾಳಿ, ಪ್ರವಾಹ, ಕಡಲ್ಕೊರೆತ ಮೂರನ್ನೂ ಬೇರೆ ಬೇರೆಯಾಗಿ ಕೇಳಿ, ಉತ್ತರ ಬರವಣಿಗೆಯಲ್ಲೇ ಪಡೆಯಿರಿ. ಕಿಟಕಿ ಒಡೆದದ್ದಕ್ಕೆ ನಮಗೆ ಪರಿಹಾರ ಬಂತು. ಮೆಟ್ಟಿಲು ಮತ್ತು ಅಂಗಳದ ಅಂಚು ಹೋದದ್ದು ಕೊರೆತದ ಲೆಕ್ಕಕ್ಕೆ ಸೇರುತ್ತದೆ ಅಂತ ಅರ್ಜಿ ವಾಪಸ್ ಕಳಿಸಿದರು. ಗೋಡೆಯ ರಿಪೇರಿ ಖರ್ಚನ್ನು ಬಿಲ್ಡರ್ ಈಗ ನಿವಾಸಿಗಳ ಸಂಘದ ಮೇಲೆ ಹಾಕಿದ್ದಾನೆ. ನಾವು ವಕೀಲರ ಮೂಲಕ ನೋಟಿಸ್ ಕಳಿಸಿದ್ದೇವೆ. ನಿಮ್ಮ ಕಡೆ ಇಂಥ ಗೋಡೆಯ ತಕರಾರು ಇತ್ಯರ್ಥವಾಗಿದ್ದರೆ, ಖರ್ಚು ಕೊನೆಗೆ ಯಾರ ಪಾಲಿಗೆ ಬಂತು ಅಂತ ದಯವಿಟ್ಟು ಬರೆಯಿರಿ.