ಮನೆಮನೆಗೆ ಹೋಗುವ ಕೇರರ್‌ಗಳಿಗೆ ಕಾರು ವಿಮೆ: ಬ್ರಿಟನ್ನಿನ ಒಂದು ಕ್ಲಾಸ್ ಒನ್ ಪಾಲಿಸಿಯ ವಿಮರ್ಶೆ

ಬ್ರಿಟನ್ನಿನಲ್ಲಿ ವೃದ್ಧರ ಮತ್ತು ಅಂಗವಿಕಲರ ಮನೆಗಳಿಗೇ ಹೋಗಿ ಆರೈಕೆ ಮಾಡುವ ಕೆಲಸಕ್ಕೆ, ಅದರಲ್ಲೂ ಹಳ್ಳಿಗಾಡಿನಲ್ಲಿ, ಸ್ವಂತ ಕಾರು ಹೆಚ್ಚುಕಡಿಮೆ ಕಡ್ಡಾಯ. 2022ರ ಫೆಬ್ರವರಿಯಲ್ಲಿ ಹೆಲ್ತ್ ಅಂಡ್ ಕೇರ್ ವೀಸಾ ಕೇರರ್‌ಗಳಿಗೂ ದೊರೆಯತೊಡಗಿದ ಮೇಲೆ ಇಲ್ಲಿಗೆ ಬಂದವರಲ್ಲಿ ಕನ್ನಡಿಗರೂ ಇದ್ದೇವೆ. 2025ರ ಜುಲೈನಲ್ಲಿ ಹೊರದೇಶಗಳಿಂದ ಹೊಸ ನೇಮಕ ನಿಂತಿದ್ದರೂ ಮೊದಲೇ ಬಂದವರ ಓಡಾಟ ನಿಂತಿಲ್ಲ. ಹೆರಿಫರ್ಡ್‌ಶೈರ್‌ನ ಹಳ್ಳಿಗಳಲ್ಲಿ ಈ ಕೆಲಸ ಮಾಡುವ ನಾನು ಎರಡನೇ ವರ್ಷಕ್ಕೂ ಮುಂದುವರಿಸಿರುವ ಕಾಂಪ್ರೆಹೆನ್ಸಿವ್ ಪಾಲಿಸಿಯೊಂದರ ವಿಮರ್ಶೆ ಇದು. ಕಂಪನಿಯನ್ನು ಹೆಸರಿಸುತ್ತಿಲ್ಲ, ನೋಡಬೇಕಾದ ಷರತ್ತುಗಳು ಯಾವ ಕಂಪನಿಯಲ್ಲಾದರೂ ಇವೇ.

ಈ ಪಾಲಿಸಿಯನ್ನು ನಾನು ಆರಿಸಿಕೊಂಡದ್ದು ಬೆಲೆಗಾಗಿ ಅಲ್ಲ, ಬಳಕೆಯ ವರ್ಗಕ್ಕಾಗಿ. ನಮ್ಮೂರಲ್ಲಾದರೆ ಬಿಳಿ ಬೋರ್ಡೋ ಹಳದಿ ಬೋರ್ಡೋ ಎಂದು ನಂಬರ್ ಪ್ಲೇಟೇ ಹೇಳಿಬಿಡುತ್ತದೆ. ಇಲ್ಲಿ ಅದು ವಿಮಾ ಸರ್ಟಿಫಿಕೇಟಿನಲ್ಲಿ ಬಳಕೆಯ ಮಿತಿಗಳನ್ನು ತಿಳಿಸುವ ಒಂದೆರಡು ಸಾಲುಗಳಲ್ಲಿ ಅಡಗಿರುತ್ತದೆ. ಕನಿಷ್ಠ ವರ್ಗ ಮನೆಬಳಕೆ ಮತ್ತು ವಿಹಾರಕ್ಕೆ ಮಾತ್ರ ಸಲ್ಲುತ್ತದೆ. ಅದಕ್ಕೆ ‘ಕಮ್ಯೂಟಿಂಗ್’ ಸೇರಿಸಿದರೆ ಒಂದೇ ಖಾಯಂ ಕೆಲಸದ ಜಾಗಕ್ಕೆ ಹೋಗಿಬರಬಹುದು. ಬೆಳಗ್ಗೆ ಒಬ್ಬರ ಮನೆಯಲ್ಲಿ ಸ್ನಾನ ಮಾಡಿಸಿ, ಅಲ್ಲಿಂದ ಇನ್ನೊಬ್ಬರಿಗೆ ಮಾತ್ರೆ ಕೊಡಲು ಹೊರಡುವ ಕೇರರ್‌ಗೆ ಇವೆರಡೂ ಸಾಲವು. ಕೆಲಸಕ್ಕಾಗಿ ಹಲವು ಜಾಗಗಳಿಗೆ ಓಡಾಡಲು ಸಲ್ಲುವ ಬಿಸಿನೆಸ್ ಯೂಸ್, ಕನಿಷ್ಠ ಅದರ ಮೊದಲ ವರ್ಗವಾದ ಕ್ಲಾಸ್ ಒನ್, ಬೇಕೇ ಬೇಕು. ನನ್ನ ಪಾಲಿಸಿಯಲ್ಲಿ ಇದಕ್ಕಾಗಿ ಹೆಚ್ಚಾದ ಹಣ ಅಲ್ಪವೇ.

ಆ ಅಲ್ಪ ಹಣವನ್ನು ಉಳಿಸಲು ಹೋಗುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಪಾಲಿಸಿಯಲ್ಲಿಲ್ಲದ ಕೆಲಸಕ್ಕೆ ಕಾರು ಓಡಿಸುವಾಗ ಪೊಲೀಸರು ಹಿಡಿದರೆ ಅದನ್ನು ವಿಮೆಯಿಲ್ಲದ ಚಾಲನೆಯೆಂದೇ ಪರಿಗಣಿಸಬಹುದು. ಸ್ಥಳದಂಡವೇ 300 ಪೌಂಡ್, ಜೊತೆಗೆ ಲೈಸೆನ್ಸಿನ ಮೇಲೆ 6 ದಂಡದ ಪಾಯಿಂಟ್. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ 12 ತಿಂಗಳವರೆಗೆ ಮಾತ್ರ ನಡೆಯುತ್ತದೆ ಮತ್ತು ಅದನ್ನು ಬದಲಾಯಿಸಿಕೊಳ್ಳಲು ಬರುವುದಿಲ್ಲವಾದ್ದರಿಂದ, ನಮ್ಮಲ್ಲಿ ಬಹುತೇಕರು ಇಲ್ಲಿ ಹೊಸದಾಗಿ ಪರೀಕ್ಷೆ ಪಾಸಾದವರು. ಹಾಗೆ ಪಾಸಾದ ಮೊದಲ ಎರಡು ವರ್ಷಗಳೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದಾಗುತ್ತದೆ; ಲೈಸೆನ್ಸ್ ಹೋದರೆ ರೋಟಾದಲ್ಲಿ, ಅಂದರೆ ಕೆಲಸದ ಪಾಳಿ ಪಟ್ಟಿಯಲ್ಲಿ, ಹೆಸರೂ ಇರುವುದಿಲ್ಲ. ಇನ್ನು ಬಳಕೆಯನ್ನು ಬೇಕೆಂದೇ ಮುಚ್ಚಿಟ್ಟದ್ದು ಸಾಬೀತಾದರೆ, 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಕಂಪನಿಯು ಪಾಲಿಸಿಯನ್ನು ಅಸಿಂಧುಗೊಳಿಸಿ ಕ್ಲೇಮನ್ನು ಪೂರ್ತಿ ನಿರಾಕರಿಸಬಹುದು.

ಕ್ಲೈಂಟ್‌ಗಳನ್ನು ಕಾರಿನಲ್ಲಿ ಕರೆದೊಯ್ಯುವ ವಿಷಯದಲ್ಲಿ ಕಂಪನಿಯ ಸೇವೆಗೆ ನಾನು ಪೂರ್ತಿ ಅಂಕ ಕೊಡಲಾರೆ. ಅಜ್ಜಿಯೊಬ್ಬರನ್ನು ಸರ್ಜರಿಗೆ, ಅಂದರೆ ಇಲ್ಲಿನ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ಕಿಗೆ, ಕರೆದೊಯ್ಯುವುದು ಕ್ಲಾಸ್ ಒನ್‌ನಲ್ಲಿ ಸೇರುತ್ತದೆಯೇ ಎಂದು ಫೋನಿನಲ್ಲಿ ಕೇಳಿದಾಗ ಒಬ್ಬರು ಸೇರುತ್ತದೆ ಎಂದರು, ಇನ್ನೊಬ್ಬರು ಅದು ಬಾಡಿಗೆ ಪ್ರಯಾಣವಾಗುತ್ತದೆ ಎಂದರು. ಈಮೇಲ್ ಬರೆದ ಮೇಲೆಯೇ, ಪ್ರಯಾಣಿಕರಿಂದ ಹಣ ಪಡೆಯದೆ ಆರೈಕೆಯ ಭಾಗವಾಗಿ ಕರೆದೊಯ್ಯಬಹುದು ಎಂಬ ಸ್ಪಷ್ಟ ಉತ್ತರ ಬಂದದ್ದು. ಇದು ಎಲ್ಲ ಕಂಪನಿಗಳ ಉತ್ತರವಲ್ಲ, ಆದ್ದರಿಂದ ಲಿಖಿತ ಉತ್ತರ ಪಡೆಯದೆ ಯಾರನ್ನೂ ಕೂರಿಸಿಕೊಳ್ಳದಿರುವುದು ಕ್ಷೇಮ. ಹಾಗೆಯೇ ಹಾಯ್ಸ್ಟ್ (ಹಾಸಿಗೆಯಿಂದ ಎತ್ತುವ ಸಾಧನ) ಬಳಸಬೇಕಾದ ಡಬಲ್-ಅಪ್ ಕಾಲ್‌ಗಳಿಗೆ, ಅಂದರೆ ಇಬ್ಬರು ಕೇರರ್‌ಗಳು ಬೇಕಾದ ಭೇಟಿಗಳಿಗೆ, ಇಬ್ಬರು ಒಂದೇ ಕಾರಿನಲ್ಲಿ ಹೋದಾಗ ಸ್ಟಿಯರಿಂಗ್ ಬದಲಾಯಿಸಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ಕ್ಲಾಸ್ ಒನ್ ಸಾಮಾನ್ಯವಾಗಿ ಪಾಲಿಸಿದಾರರಿಗೆ, ಹೆಚ್ಚೆಂದರೆ ಅವರ ಸಂಗಾತಿಗೆ ಮಾತ್ರ ಅನ್ವಯಿಸುವುದರಿಂದ ಸಹೋದ್ಯೋಗಿಯೂ ಓಡಿಸಬೇಕಿದ್ದರೆ ಅವರ ಹೆಸರನ್ನು ಸೇರಿಸಿ ಕ್ಲಾಸ್ ಟೂ ಕೇಳಬೇಕಾಗುತ್ತದೆ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸ ಲೈಸೆನ್ಸಿನವರಿಗೆ ಎಲ್ಲೆಡೆಯೂ ದುಬಾರಿಯೇ, ಅದರ ಮೇಲೆ ಶೇ. 12ರಷ್ಟು ವಿಮಾ ತೆರಿಗೆ ಬೇರೆ. ಭಾರತದಲ್ಲಿ ಗಳಿಸಿದ ನೋ ಕ್ಲೇಮ್ ಬೋನಸ್ಸನ್ನು ಈ ಕಂಪನಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಲಸ ಕೊಟ್ಟ ಏಜೆನ್ಸಿ ಓಡಿಸಿದ ಮೈಲಿಗಳ ಲೆಕ್ಕದಲ್ಲಿ ಕೊಡುವ ಭತ್ಯೆಯಲ್ಲಿ (ಮೈಲೇಜ್) ವಿಮೆಯ ಪಾಲೂ ಸೇರಿದೆ ಎಂಬುದನ್ನು ಮಾತ್ರ ನೆನಪಿಡಬೇಕು. ವರ್ಷದ ಮೊದಲ 10,000 ಮೈಲಿಗಳಿಗೆ ಮೈಲಿಗೆ 45 ಪೆನ್ಸ್‌ವರೆಗೆ ತೆರಿಗೆಯಿಲ್ಲ ಎಂಬುದು 2011ರಲ್ಲಿ ನಿಗದಿಯಾದ ದರ; ಏಜೆನ್ಸಿ ಅದಕ್ಕಿಂತ ಕಡಿಮೆ ಕೊಟ್ಟರೆ ವ್ಯತ್ಯಾಸದ ಮೊತ್ತದ ಮೇಲೆ ತೆರಿಗೆ ರಿಯಾಯಿತಿ ಕೇಳಬಹುದು.

ನನ್ನ ದೊಡ್ಡ ತಕರಾರು ಬದಲಿ ಕಾರಿನದು. ಕಂಪನಿಯ ಒಪ್ಪಿಗೆಯ ಗ್ಯಾರೇಜಿನಲ್ಲಿ ರಿಪೇರಿ ನಡೆಯುವಾಗ ಚಿಕ್ಕದೊಂದು ಕಾರು ಸಿಗುತ್ತದೆ, ಅದೂ ಲಭ್ಯವಿದ್ದರೆ. ಕಾರು ಕಳುವಾದರೆ ಅಥವಾ ರಿಪೇರಿಗೆ ಮೀರಿ ಜಖಂಗೊಂಡರೆ ಸಿಗುವುದೇ ಇಲ್ಲ. ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವ ಕೇರರ್‌ಗೆ ಇದು ದೊಡ್ಡ ಕೊರತೆ. ಬಿಸಿನೆಸ್ ಯೂಸ್‌ಗೂ ಸಲ್ಲುವ ಖಾತರಿಯ ಬದಲಿ ಕಾರನ್ನು ಹೆಚ್ಚುವರಿ ಹಣಕ್ಕೆ ಕೊಡುತ್ತಾರೆ, ಮುಂದಿನ ನವೀಕರಣದಲ್ಲಿ ಅದನ್ನು ಸೇರಿಸಿಕೊಂಡೇ ಇದೇ ಪಾಲಿಸಿಯಲ್ಲಿ ಉಳಿಯಲಿದ್ದೇನೆ.