ಒಂದು ಟಿಕೆಟ್, ಹನ್ನೊಂದು ಪಂದ್ಯ: ಕನಾಟ್ ರಗ್ಬಿಯ 2015–16ರ ಋತು

2015–16ನೇ ಸಾಲಿನ ಪ್ರೊ-12 ರಗ್ಬಿ ಲೀಗಿಗಾಗಿ ಕೊಂಡ, ಪಶ್ಚಿಮ ಐರ್ಲೆಂಡಿನ ಪ್ರಾಂತ್ಯವಾದ ಕನಾಟ್‌ನ ತಂಡದ ತವರು ಪಂದ್ಯಗಳ ಸೀಸನ್ ಟಿಕೆಟ್ಟಿನ ವಿಮರ್ಶೆ ಇದು. ಎಂದೋ ಮುಗಿದುಹೋದ ಋತುವಿನ ಟಿಕೆಟ್ಟನ್ನು ಇಷ್ಟು ವರ್ಷಗಳ ಮೇಲೆ ವಿಮರ್ಶಿಸುವುದು, ಉಂಡು ಕೈತೊಳೆದು ಎಷ್ಟೋ ಹೊತ್ತಾದ ಮೇಲೆ ಸಾರಿಗೆ ಉಪ್ಪು ಸರಿಯಾಗಿತ್ತೇ ಎಂದು ಚರ್ಚಿಸಿದಂತೆ ಕಾಣಬಹುದು. ಆದರೆ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲೆಸಿ, 2011ರಿಂದ ಪ್ರತಿ ಬೇಸಿಗೆಯಲ್ಲೂ ಈ ಟಿಕೆಟ್ಟನ್ನು ನವೀಕರಿಸುತ್ತ ಬಂದಿರುವ ನನಗೆ, ಆ ಒಂದು ವರ್ಷದ ನಿಜವಾದ ಬೆಲೆ ತಿಳಿದದ್ದು ಅದರ ಹಿಂದಿನ ಸೋಲುಗಳನ್ನೂ ಮುಂದಿನ ಏರಿಳಿತಗಳನ್ನೂ ಕಂಡ ಮೇಲೆಯೇ.

ಮೊದಲು, ಹಣ ಕೊಟ್ಟರೆ ಸಿಗುವುದೇನು ಎಂಬುದನ್ನು ಹೇಳಬೇಕು. ಆಗ ಲೀಗಿನಲ್ಲಿ ಹನ್ನೆರಡು ತಂಡಗಳಿದ್ದವು: ಐರ್ಲೆಂಡಿನ ನಾಲ್ಕು ಪ್ರಾಂತ್ಯಗಳು, ವೇಲ್ಸಿನ ನಾಲ್ಕು ಪ್ರದೇಶಗಳು, ಸ್ಕಾಟ್ಲೆಂಡಿನ ಎರಡು ನಗರಗಳು ಮತ್ತು 2010ರಲ್ಲಿ ಒಳಬಂದ ಇಟಲಿಯ ಪಾಲಿನ ಎರಡು ಸ್ಥಾನಗಳು. ಪ್ರತಿ ತಂಡವೂ ಉಳಿದ ಹನ್ನೊಂದು ತಂಡಗಳೊಡನೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡುತ್ತಿದ್ದುದರಿಂದ ಟಿಕೆಟ್ ಕೊಂಡವರಿಗೆ ಹನ್ನೊಂದು ಲೀಗ್ ಪಂದ್ಯಗಳು ಖಾತ್ರಿಯಾಗಿದ್ದವು. ಗೆಲುವಿಗೆ ನಾಲ್ಕು ಅಂಕ, ಸಮಬಲಕ್ಕೆ ಎರಡು. ನಾಲ್ಕು ಟ್ರೈ (ಎದುರಾಳಿಯ ಗೋಲಿನ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರುವುದು) ಗಳಿಸಿದರೆ ಒಂದು ಬೋನಸ್ ಅಂಕ, ಏಳು ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ ಸೋತರೂ ಒಂದು. ಈ ಕೊನೆಯ ನಿಯಮವನ್ನು ನಾನು ಬಹಳ ಮೆಚ್ಚುತ್ತೇನೆ. ಹನ್ನೆರಡು ಅಂಕ ಹಿಂದಿರುವ ತಂಡಕ್ಕೂ ಎಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಆಡಲು ಕಾರಣವೊಂದು ಉಳಿದಿರುತ್ತದೆ, ಮಳೆಯಲ್ಲಿ ನಿಂತವನಿಗೂ ಮನೆಗೆ ಹೋಗದಿರಲು ನೆಪವೊಂದು ಸಿಗುತ್ತದೆ.

2001ರಲ್ಲಿ ಕೆಲ್ಟಿಕ್ ಲೀಗ್ ಎಂಬ ಹೆಸರಿನಲ್ಲಿ ಹುಟ್ಟಿದ ಈ ಸ್ಪರ್ಧೆಗೆ ಮುಂದೆ ಸೇಂದಿ ಕಂಪನಿಯ, ಬ್ಯಾಂಕಿನ, ಬಿಯರಿನ ಹೆಸರುಗಳು ಒಂದಾದ ಮೇಲೊಂದು ಅಂಟಿಕೊಂಡವು. ಸೇಬಿನ ಹುಳಿಮದ್ಯಕ್ಕೆ ಸೇಂದಿ ಎಂದದ್ದು ನನ್ನ ಅನುಕೂಲಕ್ಕೆ, ಬಲ್ಲವರು ಮನ್ನಿಸಬೇಕು. ಹೆಸರು ಇಷ್ಟು ಸಲ ಬದಲಾದರೆ ಅಭಿಮಾನಿಗೆ ತನ್ನ ಲೀಗನ್ನು ಏನೆಂದು ಕರೆಯಬೇಕೆಂಬುದೇ ತಿಳಿಯುವುದಿಲ್ಲ. ನಮ್ಮ ಟೆರೇಸಿನ, ಅಂದರೆ ಅಂಗಳದ ಬದಿಯಲ್ಲಿ ನಿಂತು ನೋಡುವ ಮೆಟ್ಟಿಲುಗಳ, ಹಳಬರು ಇಂದಿಗೂ ಅದನ್ನು ಸುಮ್ಮನೆ ‘ಲೀಗ್’ ಎನ್ನುತ್ತಾರೆ.

ನಾನು ಗಾಲ್ವೇಗೆ ಬಂದದ್ದು 2009ರಲ್ಲಿ, ವೈದ್ಯಕೀಯ ಉಪಕರಣ ತಯಾರಿಸುವ ಕಾರ್ಖಾನೆಯೊಂದರ ಕೆಲಸಕ್ಕೆ. ಆ ಋತುವಿನಲ್ಲಿ ಹತ್ತು ತಂಡಗಳಿದ್ದವು, ಕನಾಟ್ ಹತ್ತನೆಯದಾಗಿತ್ತು. ಕಾರ್ಖಾನೆಯ ಸಹೋದ್ಯೋಗಿಯೊಬ್ಬರು ಮೊದಲ ಸಲ ಕರೆದುಕೊಂಡು ಹೋದಾಗ ಕಂಡದ್ದು ನಾಯಿಗಳ ಓಟದ ಪಥದ ನಡುವೆ ಹಾಸಿದ ಹುಲ್ಲಿನ ಅಂಗಳ. ಸ್ಪೋರ್ಟ್ಸ್‌ಗ್ರೌಂಡ್ ಎಂಬ ಸಾದಾ ಹೆಸರಿನ ಆ ಜಾಗದಲ್ಲಿ ಗ್ರೇಹೌಂಡ್ ಓಟವೂ ನಡೆಯುತ್ತಿತ್ತು, ವೃತ್ತಿಪರ ರಗ್ಬಿಯೂ ನಡೆಯುತ್ತಿತ್ತು. ಹಾಸನದ ಕಡೆಯವಳಾದ ನನ್ನ ಹೆಂಡತಿ, ‘ನಾಯಿ ಓಡೋ ಜಾಗಕ್ಕೆ ದುಡ್ಡು ಕೊಟ್ಟು ಮಳೇಲಿ ನಿಲ್ಲೋಕೆ ಹೋಗ್ತೀರಲ್ರೀ’ ಎಂದು ಎರಡು ವರ್ಷ ಹಂಗಿಸಿದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಪಂದ್ಯಕ್ಕಿಂತ ಹೆಚ್ಚು ಹೇಳಬೇಕಾದದ್ದು ಅಲ್ಲಿನ ಗಾಳಿಯ ಬಗ್ಗೆ. ಅಟ್ಲಾಂಟಿಕ್ ಸಾಗರ ಕೂಗಳತೆಯ ದೂರದಲ್ಲಿರುವ ಊರದು. ಒಂದು ಅರ್ಧದಲ್ಲಿ ಗಾಳಿಯ ಬೆನ್ನು ಹಿಡಿದು ಆಡಿದ ತಂಡ ಇನ್ನೊಂದು ಅರ್ಧದಲ್ಲಿ ಅದಕ್ಕೆ ಮುಖ ಕೊಟ್ಟು ಆಡಬೇಕು; ಹೀಗಾಗಿ ವಿರಾಮದ ವೇಳೆಗೆ ಹತ್ತು ಅಂಕದ ಮುನ್ನಡೆಯಿದ್ದರೆ ನಾವು ನೆಮ್ಮದಿಯಾಗಿರುವುದಿಲ್ಲ, ಬದಲಿಗೆ ‘ಗಾಳಿ ಇದ್ದಾಗ ಇಷ್ಟೇ ಸಾಕೇ’ ಎಂದು ಲೆಕ್ಕ ಹಾಕುತ್ತೇವೆ. ನಾನು ನಿಲ್ಲುತ್ತಿದ್ದ ಕ್ಲ್ಯಾನ್ ಟೆರೇಸಿಗೆ ಸೂರಿತ್ತು. ಆದರೆ ಮಳೆ ಮೇಲಿನಿಂದ ಬೀಳದೆ ಪಕ್ಕದಿಂದ ಬರುವ ಊರಿನಲ್ಲಿ ಸೂರು ಮರ್ಯಾದೆಗೆ ಮಾತ್ರ. ಆಸನವಿರಲಿಲ್ಲ, ನಿಂತೇ ನೋಡಬೇಕಿತ್ತು. ಅಂಗಳ ಎಷ್ಟು ಹತ್ತಿರವೆಂದರೆ ಚೆಂಡಿಗಾಗಿ ಎರಡು ತಂಡಗಳು ತಲೆ ತಗ್ಗಿಸಿ ತಳ್ಳಾಡುವ ಸ್ಕ್ರಮ್ ಕಟ್ಟುವಾಗ ಎರಡು ಕಡೆಯ ಮುಂಚೂಣಿಯವರ ಭುಜಗಳು ಒಂದಕ್ಕೊಂದು ಬಡಿಯುವ ಸದ್ದು ಕೇಳಿಸುತ್ತಿತ್ತು. ಟಿವಿಯಲ್ಲಿ ಈ ಆಟವನ್ನು ನೋಡಿ ಅರ್ಥವಾಗಲಿಲ್ಲ ಎನ್ನುವವರಿಗೆ ಆ ಸದ್ದನ್ನು ಒಮ್ಮೆ ಕೇಳಿ ಎನ್ನುತ್ತೇನೆ.

ಈ ಪ್ರಾಂತ್ಯದ ಹಿನ್ನೆಲೆ ತಿಳಿಯದೆ ಆ ಋತುವನ್ನು ಅಳೆಯಲಾಗದು. ಉಳಿದ ಮೂರು ಐರಿಷ್ ಪ್ರಾಂತ್ಯಗಳಲ್ಲಿ ಲೆನ್‌ಸ್ಟರ್‌ಗೆ ಡಬ್ಲಿನ್ನಿನ ಜನವೂ ಹಣವೂ ಇದ್ದವು, ಮನ್‌ಸ್ಟರ್ ಮತ್ತು ಅಲ್‌ಸ್ಟರ್‌ಗಳಿಗೆ ಯೂರೋಪಿನ ಕಪ್ ಗೆದ್ದ ಚರಿತ್ರೆಯಿತ್ತು. ಕನಾಟ್‌ಗೆ ಇದ್ದದ್ದು ಮುಚ್ಚಿಹೋಗುವ ಭಯ. 2003ರ ಆರಂಭದಲ್ಲಿ, ಖರ್ಚು ತಗ್ಗಿಸಲು ಈ ವೃತ್ತಿಪರ ತಂಡವನ್ನೇ ಕೈಬಿಡುವ ಆಲೋಚನೆ ಐರಿಷ್ ರಗ್ಬಿ ಒಕ್ಕೂಟದ ಮುಂದೆ ಬಂದಾಗ, ಪಶ್ಚಿಮದ ಜನ ಡಬ್ಲಿನ್ನಿಗೆ ಹೋಗಿ ಒಕ್ಕೂಟದ ಕಚೇರಿಯವರೆಗೆ ಮೆರವಣಿಗೆ ನಡೆಸಿ ಅದನ್ನು ಉಳಿಸಿಕೊಂಡರು. ಟೆರೇಸಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ವೃದ್ಧರೊಬ್ಬರು ಆ ದಿನ ನಡೆದವರಲ್ಲಿ ಒಬ್ಬರು. ನನ್ನ ಮೊದಲ ಟಿಕೆಟ್ಟಿನ ವರ್ಷ, ಅಂದರೆ 2011–12ರಲ್ಲಿ, ತಂಡ ಎಲ್ಲ ಸ್ಪರ್ಧೆಗಳನ್ನೂ ಸೇರಿಸಿ ಸತತ ಹದಿನಾಲ್ಕು ಪಂದ್ಯ ಸೋತಿತು. ಜನವರಿಯಲ್ಲಿ ಇಂಗ್ಲೆಂಡಿನ ಹಾರ್ಲಿಕ್ವಿನ್ಸ್ ತಂಡವನ್ನು 9–8ರಿಂದ ಮಣಿಸಿದ ರಾತ್ರಿ ಆ ವೃದ್ಧರು ನನ್ನ ಕೈ ಹಿಡಿದು ಏನೋ ಹೇಳಿದರು, ಗಾಳಿಯಲ್ಲಿ ಕೇಳಿಸಲಿಲ್ಲ.

ಈಗ 2015–16. ಈ ಲೀಗಿನ ಮೇಲೆ ಬಹುಕಾಲದಿಂದ ಇರುವ ದೂರೆಂದರೆ, ದೊಡ್ಡ ಆಟಗಾರರು ಅರ್ಧ ಋತು ಕಾಣಿಸುವುದೇ ಇಲ್ಲ ಎಂಬುದು. ರಾಷ್ಟ್ರೀಯ ತಂಡದ ಹಿತಕ್ಕಾಗಿ ಅವರಿಗೆ ವಿಶ್ರಾಂತಿ ಕೊಡುತ್ತಾರೆ. ನವೆಂಬರಿನಲ್ಲಿ, ಫೆಬ್ರುವರಿ–ಮಾರ್ಚಿನಲ್ಲಿ ದೇಶದ ಕರೆ ಬಂದಾಗ ಪ್ರಾಂತ್ಯದ ತಂಡ ಉಳಿದವರನ್ನು ಹಿಡಿದು ಆಡಬೇಕಾಗುತ್ತದೆ. ರಣಜಿ ಪಂದ್ಯಗಳನ್ನು ನೋಡಿ ಬೆಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ವರ್ಷವಂತೂ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್ ಇದ್ದುದರಿಂದ ಲೀಗಿನ ಮೊದಲ ಸುತ್ತುಗಳು ತಾರೆಗಳಿಲ್ಲದೆಯೇ ನಡೆದವು. ಐರ್ಲೆಂಡಿನ 31 ಮಂದಿಯ ತಂಡಕ್ಕೆ ಕನಾಟ್‌ನಿಂದ ಹೋದವರು ರಾಬಿ ಹೆನ್‌ಶಾ ಮತ್ತು ನೇಥನ್ ವೈಟ್ ಇಬ್ಬರೇ. ಬೇರೆಯವರ ಮನೆ ಖಾಲಿಯಾಗಿತ್ತು, ನಮ್ಮ ಮನೆ ಬಹುಪಾಲು ತುಂಬಿತ್ತು. ಲೀಗಿನ ಕೊರತೆಯೆಂದು ಎಲ್ಲರೂ ಎಣಿಸಿದ್ದೇ ಆ ಋತುವಿಗೆ ಬಾಗಿಲು ತೆರೆಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದ ಮಾತ್ರಕ್ಕೆ ಗೆಲುವಿನ ತೂಕ ಕಡಿಮೆಯಾಗುವುದಿಲ್ಲ, ಏಕೆಂದರೆ ವಸಂತದಲ್ಲಿ ಎಲ್ಲರ ತಾರೆಗಳೂ ಮರಳಿದ್ದರು.

ತೆರೆದ ಬಾಗಿಲಲ್ಲಿ ಒಳನಡೆಯುವ ಧೈರ್ಯವನ್ನು ಕೊಟ್ಟವರು ತರಬೇತುದಾರ ಪ್ಯಾಟ್ ಲ್ಯಾಮ್. ಸಮೋವಾ ಪರ ಆಡಿದ್ದ, ನ್ಯೂಜಿಲೆಂಡಿನಲ್ಲಿ ಬೆಳೆದಿದ್ದ ಈತ 2013ರಲ್ಲಿ ಬಂದಾಗ, ಒದ್ದೆ ಚೆಂಡನ್ನು ದೂರ ಒದ್ದು ಎದುರಾಳಿಯ ತಪ್ಪಿಗೆ ಕಾಯುವುದೇ ಗಾಲ್ವೇಯಲ್ಲಿ ಜಾಣತನವೆಂಬ ಭಾವನೆಯಿತ್ತು. ಲ್ಯಾಮ್ ಅದನ್ನು ತಲೆಕೆಳಗು ಮಾಡಿ, ಮುಂಚೂಣಿಯ ದಪ್ಪ ಆಟಗಾರರಿಗೂ ಸಹ ಕೈಯಿಂದ ಕೈಗೆ ಚೆಂಡು ದಾಟಿಸುವ ಕೌಶಲ ಕಲಿಸಿದರು. ತಮ್ಮದೇ ಗೋಲಿನ ಗೆರೆಯ ಹತ್ತಿರದಿಂದಲೂ ಚೆಂಡನ್ನು ಒದೆಯದೆ ಓಡಿಸುವುದನ್ನು ನೋಡಿ ಟೆರೇಸಿನಲ್ಲಿ ಮೊದಮೊದಲು ಜನ ‘ಒದೆಯಿರಿ’ ಎಂದು ಕೂಗುತ್ತಿದ್ದರು. ಆ ವರ್ಷದ ಹೊತ್ತಿಗೆ ಕೂಗು ನಿಂತಿತ್ತು. ಮಧ್ಯದಲ್ಲಿ ಬಂಡೀ ಆಕಿ ಎದೆಯಿಂದ ಗೋಡೆ ಒಡೆಯುತ್ತಿದ್ದರು, ಅಂಚುಗಳಲ್ಲಿ ಮ್ಯಾಟ್ ಹೀಲಿ ಮತ್ತು ನಿಯಿ ಅಡಿಯೊಲೊಕುನ್ ಓಡುತ್ತಿದ್ದರು, ಎಲ್ಲರ ನಡುವೆ ನಾಯಕ ಜಾನ್ ಮಲ್ಡೂನ್ ಹೆಚ್ಚು ಸದ್ದಿಲ್ಲದೆ ಆಟಗಾರರ ರಾಶಿಗಳ ಅಡಿಯಿಂದ ಚೆಂಡು ಕೀಳುತ್ತಿದ್ದರು. ಗಾಲ್ವೇ ಜಿಲ್ಲೆಯದೇ ಪೋರ್ಟಮ್ನಾ ಊರಿನ ಮಲ್ಡೂನ್, ಮೆರವಣಿಗೆಯ ವರ್ಷವಾದ 2003ರಿಂದಲೂ ಇದೇ ತಂಡದಲ್ಲಿದ್ದವರು.

ನವೆಂಬರಿನಲ್ಲಿ ಯೂರೋಪಿನ ಎರಡನೆಯ ದರ್ಜೆಯ ಕಪ್ಪಿಗಾಗಿ ತಂಡ ಸೈಬೀರಿಯದ ಕ್ರಾಸ್ನೊಯಾರ್ಸ್ಕ್‌ಗೆ ಹೋಗಿ, ಮೈನಸ್ 20 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ಗೆದ್ದು, ವಿಮಾನದ ತೊಂದರೆಯಿಂದ ದಿನಗಟ್ಟಲೆ ಅಲೆದು ಮನೆ ಸೇರಿತು. ಅದಾದ ಎರಡು ವಾರಕ್ಕೆ ಲಿಮರಿಕ್‌ನ ಥೊಮಂಡ್ ಪಾರ್ಕಿನಲ್ಲಿ ಮನ್‌ಸ್ಟರ್ ತಂಡವನ್ನು 18–12ರಿಂದ ಸೋಲಿಸಿತು. ಆ ಅಂಗಳದಲ್ಲಿ ಕನಾಟ್ ಅದಕ್ಕೆ ಮೊದಲು ಗೆದ್ದದ್ದು 1986ರಲ್ಲಿ. ನಡುಚಳಿಗಾಲದಲ್ಲಿ ಸೋಲುಗಳೂ ಬಂದವು, ಗಾಯಾಳುಗಳ ಪಟ್ಟಿಯೂ ಬೆಳೆಯಿತು. ಆ ವಾರಗಳಲ್ಲಿ ಟೆರೇಸಿನ ಮಾತೆಲ್ಲ ‘ನಮಗಿಷ್ಟೇ’ ಎಂಬ ಹಳೆಯ ಧಾಟಿಗೆ ಜಾರಿತ್ತು.

ನಾನು ಕೊಟ್ಟ ಹಣ ವಸೂಲಾದದ್ದು ಮಾರ್ಚ್ 26ರಂದು, ಲೆನ್‌ಸ್ಟರ್ ನಮ್ಮ ಅಂಗಳಕ್ಕೆ ಬಂದಾಗ. ಫಲಿತಾಂಶ 7–6. ನಮ್ಮದು ಒಂದು ಟ್ರೈ, ಅದರ ಮೇಲೊಂದು ಕನ್ವರ್ಷನ್, ಅಂದರೆ ಟ್ರೈ ನಂತರ ಗೋಲಿಗೆ ಒದೆಯುವ ಒದೆತ. ಅವರದು ಮೂರು ಮೂರು ಅಂಕದ ಎರಡು ಒದೆತ. ಅಂಕೆಯನ್ನಷ್ಟೇ ನೋಡಿದವರಿಗೆ ನೀರಸವೆನಿಸಬಹುದಾದ ಆ ಪಂದ್ಯದ ಕೊನೆಯ ಹತ್ತು ನಿಮಿಷ ನನ್ನ ಸುತ್ತ ಯಾರೂ ಮಾತಾಡಲಿಲ್ಲ. ಮೇ 7ರ ಕೊನೆಯ ಸುತ್ತಿನಲ್ಲಿ ಹಾಲಿ ಚಾಂಪಿಯನ್ ಗ್ಲಾಸ್ಗೋ ತಂಡವನ್ನು 14–7ರಿಂದ ಸೋಲಿಸಿ ಅಂಕಪಟ್ಟಿಯ ಎರಡನೆಯ ಸ್ಥಾನ ಪಡೆದದ್ದರಿಂದ ಸೆಮಿಫೈನಲ್ ಸ್ಪೋರ್ಟ್ಸ್‌ಗ್ರೌಂಡಿಗೇ ಬಂತು; ಎರಡು ವಾರದಲ್ಲಿ ಅದೇ ಎದುರಾಳಿಯನ್ನು ಮತ್ತೆ 16–11ರಿಂದ ಮಣಿಸಿದರು. ಅಂದು ನನ್ನ ಹೆಂಡತಿ ಟಿವಿಯ ಮುಂದೆ ಕೂತಿದ್ದಳು, ಆದರೆ ನೋಡುತ್ತಿರಲಿಲ್ಲವಂತೆ.

ಟಿವಿಯ ವಿಷಯದಲ್ಲಿ ಈ ಲೀಗಿಗೆ ಒಂದು ದೂರು, ಒಂದು ಮೆಚ್ಚುಗೆ. ಪಂದ್ಯಗಳು ಹಣ ಕೊಡಬೇಕಾದ ಮತ್ತು ಕೊಡಬೇಕಿಲ್ಲದ ವಾಹಿನಿಗಳ ನಡುವೆ ಹಂಚಿಹೋಗಿದ್ದವು. ಈ ವಾರ ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ಪ್ರತಿ ಸಲವೂ ಹುಡುಕಬೇಕಿತ್ತು. ದೂರದ ಪಂದ್ಯಕ್ಕೆ ಪ್ರಯಾಣ ಕಟ್ಟುವವನಿಗೆ ಇದು ತಲೆನೋವು. ಮೆಚ್ಚುಗೆ ಬೇರೆಯೇ ಕಾರಣಕ್ಕೆ. ಗಾಲ್ವೇ ಜಿಲ್ಲೆಯಲ್ಲೇ ಮುಖ್ಯ ಕಚೇರಿಯಿರುವ ಟಿಜಿ4 ವಾಹಿನಿ ಈ ಪಂದ್ಯಗಳ ವೀಕ್ಷಕ ವಿವರಣೆಯನ್ನು ಐರಿಷ್ ಭಾಷೆಯಲ್ಲಿ ಕೊಡುತ್ತಿತ್ತು; ವೇಲ್ಸಿನಲ್ಲಿ ಎಸ್4ಸಿ ವೆಲ್ಷ್‌ನಲ್ಲಿ, ಸ್ಕಾಟ್ಲೆಂಡಿನಲ್ಲಿ ಬಿಬಿಸಿ ಆಲ್ಬಾ ಗೇಲಿಕ್‌ನಲ್ಲಿ. ದಿನಬಳಕೆಯಲ್ಲಿ ಇಂಗ್ಲಿಷಿನ ಮುಂದೆ ಹಿಂಜರಿದ ಮೂರು ಭಾಷೆಗಳು ಶುಕ್ರವಾರ, ಶನಿವಾರಗಳಂದು ರಗ್ಬಿಯನ್ನು ಹಿಡಿದು ಮನೆಮನೆಗೆ ಬರುತ್ತಿದ್ದವು. ಕನ್ನಡದಲ್ಲಿ ಐಪಿಎಲ್ ವಿವರಣೆ ಕೇಳಿ ಖುಷಿಪಟ್ಟವನಾದ ನನಗೆ, ಪದ ಅರ್ಥವಾಗದಿದ್ದರೂ ಧ್ವನಿ ಏರುವುದನ್ನು ಕೇಳುತ್ತ ಟ್ರೈ ಆಗುತ್ತದೆಂದು ಮೊದಲೇ ತಿಳಿಯುತ್ತಿತ್ತು. ಲೀಗನ್ನು ಕೆಲ್ಟಿಕ್ ಎಂದು ಕರೆಯಲು ನನಗೆ ಸಿಕ್ಕ ಗಟ್ಟಿಯಾದ ಕಾರಣ ಇದೊಂದೇ.

ಫೈನಲ್ ಮೇ 28ಕ್ಕೆ ಎಡಿನ್‌ಬರೊದ ಮರೇಫೀಲ್ಡಿನಲ್ಲಿ. ಟಿಕೆಟ್ಟಿನಲ್ಲಿ ಅದು ಸೇರಿರಲಿಲ್ಲ, ಸೇರಿರಬೇಕಿತ್ತು ಎಂದೂ ನಾನು ಹೇಳಲಾರೆ. ಸೆಮಿಫೈನಲ್ ಗೆದ್ದ ಒಂದು ವಾರಕ್ಕೆ ಪಶ್ಚಿಮ ಐರ್ಲೆಂಡೇ ಹೊರಟು ನಿಂತಾಗ ವಿಮಾನದ ದರ ಕೈಗೆಟುಕದಾಯಿತು; ಕಾದಿರಿಸಿದ್ದ ವಸತಿಗೃಹವೊಂದು ಏನೋ ನೆಪ ಹೇಳಿ ಕೊಠಡಿ ರದ್ದು ಮಾಡಿತು. ಕಾರಿನಲ್ಲಿ ನಾಲ್ವರು ಬೆಲ್‌ಫಾಸ್ಟ್‌ವರೆಗೆ ಹೋಗಿ, ಹಡಗು ಹತ್ತಿ ಸ್ಕಾಟ್ಲೆಂಡಿನ ಕೇರ್ನ್‌ರಾಯನ್‌ನಲ್ಲಿ ಇಳಿದು, ಅಲ್ಲಿಂದ ಮತ್ತೆ ಗಂಟೆಗಟ್ಟಲೆ ಓಡಿಸಿದೆವು. ಹೆಂಡತಿ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು. ಎದುರಾಳಿ ಮತ್ತೆ ಲೆನ್‌ಸ್ಟರ್. ಟಿಯರ್ನನ್ ಒ’ಹ್ಯಾಲರನ್ ಮೊದಲ ಟ್ರೈ ಇಟ್ಟರು. ಅಡಿಯೊಲೊಕುನ್ ಚೆಂಡನ್ನು ರಕ್ಷಕರ ತಲೆ ದಾಟಿಸಿ ಒದ್ದು, ತಾವೇ ಓಡಿ ಹಿಡಿದು ಎರಡನೆಯದನ್ನು ಇಟ್ಟರು. ವಿರಾಮದ ನಂತರ ಹೀಲಿ ಮೂರನೆಯದನ್ನು. 20–10. ಮರೇಫೀಲ್ಡಿನಲ್ಲಿ ಗಾಳಿ ಇರಲಿಲ್ಲ, ಬಿಸಿಲಿತ್ತು. ತವರಿನ ಬಿರುಗಾಳಿಯಲ್ಲಿ ಚೆಂಡು ದಾಟಿಸಲು ಕಲಿತವರಿಗೆ ಅಂದು ಅದು ಎಷ್ಟು ಹಗುರವಾಗಿ ಕಂಡಿರಬೇಕು ಎಂದು ಈಗಲೂ ಯೋಚಿಸುತ್ತೇನೆ. ಹೆನ್‌ಶಾ ಅವರಿಗೆ ಅದೇ ಕನಾಟ್ ಪರ ಕೊನೆಯ ಪಂದ್ಯ. ಆ ಬೇಸಿಗೆಯಲ್ಲಿ ಅವರು ಸೇರಿದ್ದು ಲೆನ್‌ಸ್ಟರನ್ನೇ.

ಬಾಳಿಕೆಯ ಮಾತಿಗೆ ಬಂದರೆ, ಈ ಉತ್ಪನ್ನ ಒಂದೇ ವರ್ಷದ ಖಾತರಿಯದು. 2016ರ ಸೆಪ್ಟೆಂಬರಿನಲ್ಲಿ ಚಾಂಪಿಯನ್ನರಾಗಿ ಆಡಿದ ಮೊದಲ ಪಂದ್ಯದಲ್ಲೇ ಅದೇ ಗ್ಲಾಸ್ಗೋ ನಮ್ಮ ಅಂಗಳಕ್ಕೆ ಬಂದು 41–5ರಿಂದ ಬಡಿದುಹೋಯಿತು. ಅದು ನನ್ನ ಹೆಂಡತಿ ಟಿಕೆಟ್ ಕೊಂಡ ಮೊದಲ ಋತು. ಡಿಸೆಂಬರಿನಲ್ಲಿ ಲ್ಯಾಮ್ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗುವುದಾಗಿ ಪ್ರಕಟಿಸಿದರು, ತಂಡ ಎಂಟನೆಯ ಸ್ಥಾನಕ್ಕೆ ಇಳಿಯಿತು. 2018ರ ಏಪ್ರಿಲಿನಲ್ಲಿ ಮಲ್ಡೂನ್ ತಮ್ಮ ಕೊನೆಯ ಪಂದ್ಯದಲ್ಲಿ, ಲೆನ್‌ಸ್ಟರ್ ಎದುರು 47–10ರ ಗೆಲುವಿನ ಕೊನೆಗೆ, ಹದಿನೈದು ವರ್ಷ ಒದೆಯದ ಕನ್ವರ್ಷನ್ನನ್ನು ಒದ್ದು ದಾಟಿಸಿದಾಗ ನಾವಿಬ್ಬರೂ ಅಲ್ಲಿದ್ದೆವು. 2021ರಿಂದ ದಕ್ಷಿಣ ಆಫ್ರಿಕಾದ ನಾಲ್ಕು ದೊಡ್ಡ ತಂಡಗಳು ಸೇರಿ ಲೀಗ್ ಹದಿನಾರು ತಂಡಗಳದ್ದಾಗಿದೆ. ಆಟದ ಮಟ್ಟ ಏರಿದೆ, ಆದರೆ ತವರು ಲೀಗ್ ಪಂದ್ಯಗಳು ಹನ್ನೊಂದರಿಂದ ಒಂಬತ್ತಕ್ಕೆ ಇಳಿದಿವೆ. ಪ್ರಿಟೋರಿಯದಲ್ಲಿ ನಡೆಯುವ ಪಂದ್ಯಕ್ಕೆ ಚಿತ್ರಾನ್ನ ಕಟ್ಟಿಕೊಂಡು ಕಾರಿನಲ್ಲಿ ಹೋಗಲಾಗದು.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಡಿದದ್ದು ವೇಳಾಪಟ್ಟಿಗೆ. ಗಾಲ್ವೇಗೆ ಹೊಸದಾಗಿ ಬಂದ ಕನ್ನಡಿಗರು ಆಗಾಗ ಕೇಳುವುದರಿಂದ ಇಷ್ಟು ಹೇಳಿಬಿಡುತ್ತೇನೆ: ಕೊಡೆ ತರಬೇಡಿ, ಅದು ನಿಲ್ಲುವುದಿಲ್ಲ. ಮೊಣಕಾಲು ಮುಚ್ಚುವ ಮಳೆಯಂಗಿ, ಎರಡು ಜೊತೆ ಕಾಲುಚೀಲ, ಕಿವಿ ಮುಚ್ಚುವ ಉಣ್ಣೆಯ ಟೋಪಿ ಸಾಕು. ಟಾಸ್ ಗೆದ್ದವರು ಮೊದಲ ಅರ್ಧಕ್ಕೆ ಗಾಳಿಯ ಯಾವ ಬದಿ ಆರಿಸಿದರು ಎಂಬುದನ್ನು ಗಮನಿಸಿ, ಆಮೇಲೆ ಅಂಕಫಲಕ ನೋಡಿ.